ಎರಡನೆಯ ಕಣ್ಣು: ದೃಷ್ಟಿನರದ ರಕ್ತಕ್ಷಾಮವನ್ನು ಕುರಿತ ಅರಿವಿನ ಇತಿಹಾಸ

ವೈದ್ಯಶಾಸ್ತ್ರದ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತಾರೆ. ಮಹಾವೈದ್ಯರ ಹೆಸರುಗಳನ್ನೂ ಅವರ ಶೋಧಗಳ ತೇದಿಗಳನ್ನೂ ಕ್ರಮವಾಗಿ ಜೋಡಿಸಿ ಹೇಳುವುದು ಒಂದು. ಪ್ಲೇಗು, ಸಿಡುಬು, ಕಾಲರಾಗಳಂತಹ ಮಾರಿಗಳು ರಾಜ್ಯಗಳನ್ನೂ ಜನಪದಗಳನ್ನೂ ಹೇಗೆ ಅಲುಗಿಸಿದುವೆಂಬುದನ್ನು ವಿವರಿಸುವುದು ಇನ್ನೊಂದು. ಈ ಎರಡು ಬಗೆಯ ಬರವಣಿಗೆಯಲ್ಲಿಯೂ ಎಡೆ ದೊರೆಯದ ರೋಗಗಳು ಹಲವು ಉಂಟು. ಅವು ಊರನ್ನು ಬರಿದುಮಾಡುವುದಿಲ್ಲ. ಒಬ್ಬ ವೃದ್ಧನ ಅಥವಾ ವೃದ್ಧೆಯ ಮನೆಯೊಳಗೆ ಹುಟ್ಟಿ ಅಲ್ಲಿಯೇ ಮುಗಿದುಹೋಗುತ್ತವೆ. ಅಂತಹ ರೋಗಗಳ ಪೈಕಿ ಒಂದಾದ ದೃಷ್ಟಿನರದ ರಕ್ತಕ್ಷಾಮವನ್ನು ಮನುಷ್ಯರು ಅರಿತ ಬಗೆಯನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ರೋಗದ ಲಕ್ಷಣಗಳೆಲ್ಲ ಬಹುಕಾಲದಿಂದ ಬೇರೆ ಬೇರೆ ಜನರ ಕಣ್ಣಿಗೆ ಬಿದ್ದಿದ್ದರೂ ಅವುಗಳನ್ನು ಒಂದೆಡೆಗೆ ತಂದು ನೋಡಲು ಏಕೆ ಅಷ್ಟು ಕಾಲ ಹಿಡಿಯಿತು ಎಂಬ ಪ್ರಶ್ನೆ ಇತಿಹಾಸದ ವಿದ್ಯಾರ್ಥಿಗೂ ಸಲ್ಲತಕ್ಕ ಪ್ರಶ್ನೆಯೇ ಆಗಿದೆ.

ಮೊದಲು ರೋಗದ ಸ್ವರೂಪವನ್ನು ಸ್ಥೂಲವಾಗಿ ತಿಳಿದುಕೊಳ್ಳುವುದು ಅವಶ್ಯಕ. ಐವತ್ತು ದಾಟಿದ ಒಬ್ಬ ವ್ಯಕ್ತಿ ಬೆಳಗ್ಗೆ ಏಳುತ್ತಾನೆ. ಒಂದು ಕಣ್ಣಿನ ನೋಟದ ಕೆಳಗಿನ ಅರ್ಧಕ್ಕೆ ತೆರೆ ಎಳೆದಂತಾಗಿದೆ. ನೋವಿಲ್ಲ, ಕೆಂಪಿಲ್ಲ, ನೀರು ಸುರಿಯುವುದಿಲ್ಲ. ಕಣ್ಣಿನ ಒಳಗೋಡೆಯಾದ ಅಕ್ಷಿಪಟದಿಂದ ಹೊರಟ ಹತ್ತು ಹನ್ನೆರಡು ಲಕ್ಷ ಎಳೆಗಳು ಒಂದುಗೂಡಿ ದೃಷ್ಟಿನರವಾಗಿ ಮಿದುಳಿನ ಕಡೆಗೆ ಸಾಗುತ್ತವೆ. ಅವು ಕಣ್ಣುಗುಡ್ಡೆಯಿಂದ ಹೊರಬೀಳುವ ಸ್ಥಳವು ಸುಮಾರು ಒಂದೂವರೆ ಮಿಲಿಮೀಟರು ಅಗಲದ ಒಂದು ಬಿಲ್ಲೆ. ಈ ಬಿಲ್ಲೆಗೆ ಮುಖ್ಯವಾಗಿ ರಕ್ತವನ್ನೊದಗಿಸುವವು ಹಿಂಗಡೆಯ ಸಿಲಿಯರಿ ಧಮನಿಗಳೆಂಬ ಸಣ್ಣ ನಾಳಗಳು. ಇವುಗಳ ಹರಿವು ನಿಂತರೆ ಅಥವಾ ಬಹಳ ಕುಗ್ಗಿದರೆ ಆ ಎಳೆಗಳು ಊದಿಕೊಂಡು ಸಾಯುತ್ತವೆ. ಸತ್ತ ಎಳೆಗಳು ಮರಳಿ ಹುಟ್ಟುವುದಿಲ್ಲ. ರಕ್ತಕ್ಷಾಮವೆಂದರೆ ಇದೇ, ಮೈಯಲ್ಲಿಯೇ ರಕ್ತವು ಕಡಿಮೆಯಾಗುವ ರಕ್ತಹೀನತೆಯೊಡನೆ ಇದನ್ನು ಬೆರಸಬಾರದು. ದೇಶದಲ್ಲಿ ಧಾನ್ಯವಿದ್ದೂ ಒಂದು ಹೋಬಳಿಗೆ ಅದು ತಲುಪದೆ ಹೋದಂತಹ ಸ್ಥಿತಿ ಇದು.

ಈ ಕ್ಷಾಮ ಎರಡು ಬಗೆಯದು. ಧಮನಿಗಳ ಗೋಡೆಯೇ ಉರಿಯೂತಕ್ಕೆ ಸಿಕ್ಕಿ ದಪ್ಪವಾಗಿ ನಾಳವು ಮುಚ್ಚಿಹೋಗುವುದು ಒಂದು ಬಗೆ. ಉರಿಯೂತವಿಲ್ಲದೆ, ಹರಿವಿನ ಒತ್ತಡ ತಗ್ಗಿದ್ದರಿಂದ ಉಂಟಾಗುವುದು ಇನ್ನೊಂದು. ಸಂಖ್ಯೆಯಲ್ಲಿ ಎರಡನೆಯದೇ ಹೆಚ್ಚು; ಭೀಕರತೆಯಲ್ಲಿ ಮೊದಲನೆಯದು. ಏಕೆಂದರೆ ಉರಿಯೂತದ ಬಗೆಯಲ್ಲಿ ಒಂದು ಕಣ್ಣು ಹೋದ ಮೇಲೆ, ಚಿಕಿತ್ಸೆಯಿಲ್ಲದಿದ್ದರೆ, ಕೆಲವು ದಿನಗಳಲ್ಲಿಯೋ ವಾರಗಳಲ್ಲಿಯೋ ಎರಡನೆಯ ಕಣ್ಣೂ ಹೋಗಬಹುದು. ಹೋದ ಕಣ್ಣನ್ನು ತಂದುಕೊಡುವ ವಿದ್ಯೆ ಇಂದಿಗೂ ಇಲ್ಲವೆಂದೇ ಹೇಳಬೇಕು. ಆದುದರಿಂದ ಈ ರೋಗದ ಇತಿಹಾಸವು ವಾಸ್ತವವಾಗಿ ಎರಡನೆಯ ಕಣ್ಣಿನ ಇತಿಹಾಸ: ಮೊದಲ ಕಣ್ಣು ಕುರುಡಾದುದಕ್ಕೂ ಎರಡನೆಯದು ಕುರುಡಾಗುವುದಕ್ಕೂ ನಡುವಣ ಆ ಕೆಲವು ದಿನಗಳಲ್ಲಿ ವೈದ್ಯನಿಗೆ ಏನು ತಿಳಿದಿತ್ತು, ಏನು ಮಾಡಬಲ್ಲವನಾಗಿದ್ದ ಎಂಬುದರ ಇತಿಹಾಸ.

ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೆ ಯೂರೋಪಿನ ವೈದ್ಯರು ಹೊರಗೆ ಯಾವ ಕೆಡುಕೂ ಕಾಣದ ಕುರುಡುತನವನ್ನೆಲ್ಲ 'ಅಮೌರೋಸಿಸ್' ಎಂಬ ಒಂದೇ ಹೆಸರಿನಲ್ಲಿ ಕಟ್ಟಿಹಾಕಿದ್ದರು. ಅಂತಹ ರೋಗದಲ್ಲಿ ರೋಗಿಗೂ ಏನೂ ಕಾಣದು, ವೈದ್ಯನಿಗೂ ಏನೂ ಕಾಣದು ಎಂಬುದು ಅವರೊಳಗೇ ಪ್ರಚಲಿತವಾಗಿದ್ದ ಪರಿಹಾಸ. ೧೮೫೧ರಲ್ಲಿ ಕೋನಿಗ್ಸ್‌ಬರ್ಗಿನ ಪ್ರಾಧ್ಯಾಪಕ ಹೆಲ್ಮ್‌ಹೋಲ್ಟ್ಸನು ನೇತ್ರದರ್ಶಕವನ್ನು ಲೋಕಕ್ಕೆ ತಿಳಿಸಿದ ಮೇಲೆ ಬದುಕಿರುವ ಮನುಷ್ಯನ ಅಕ್ಷಿಪಟವೂ ದೃಷ್ಟಿನರದ ಬಿಲ್ಲೆಯೂ ನೇರವಾಗಿ ಕಾಣತೊಡಗಿದುವು. ೧೮೫೯ರಲ್ಲಿ ಬರ್ಲಿನ್ನಿನ ಫಾನ್ ಗ್ರೇಫನು ಅಕ್ಷಿಪಟದ ಮಧ್ಯಧಮನಿಗೆ ಹೆಪ್ಪು ಸಿಕ್ಕಿಕೊಂಡು ಕಣ್ಣು ಕುರುಡಾದುದನ್ನು ವರ್ಣಿಸಿದನು. ರಕ್ತ ನಿಂತರೆ ದೃಷ್ಟಿ ನಿಲ್ಲುತ್ತದೆಂಬುದು ಅಂದಿಗೆ ಕಣ್ಣಾರೆ ಕಂಡ ಸಂಗತಿಯಾಯಿತು.

ಆದರೆ ಹೊಸ ಸಾಧನವು ಬೆಳಕನ್ನು ತರುವಂತೆ ಅದರದೇ ಆದ ನೆರಳನ್ನೂ ತರುತ್ತದೆ. ನೇತ್ರದರ್ಶಕದಲ್ಲಿ ಅಕ್ಷಿಪಟದ ನಾಳಗಳು ಕಾಣುತ್ತವೆ. ಬಿಲ್ಲೆಯನ್ನು ಪೋಷಿಸುವ ಸಿಲಿಯರಿ ಧಮನಿಗಳು ಅದರ ಹಿಂದೆ ಅಡಗಿರುವುದರಿಂದ ಕಾಣುವುದಿಲ್ಲ. ಊದಿಕೊಂಡ ಬಿಲ್ಲೆಯನ್ನು ನೋಡಿದ ವೈದ್ಯನು ಅದನ್ನು ನರದ ಉರಿಯೂತವೆಂದೋ ಮಿದುಳಿನೊಳಗಿನ ಒತ್ತಡದ ಫಲವೆಂದೋ ಎಣಿಸುವುದು ಸುಲಭವಾಗಿತ್ತು. ಕಾಣುವ ನಾಳ ತೆರೆದಿರುವಾಗ ಕಾಣದ ನಾಳ ಮುಚ್ಚಿರಬಹುದೆಂಬ ಅನುಮಾನ ಹುಟ್ಟಲು ಇನ್ನೂ ನೂರು ವರ್ಷ ಹಿಡಿಯಿತು. ಅಷ್ಟರಲ್ಲಿ ಈ ರೋಗದ ಮತ್ತೊಂದು ಎಳೆಯನ್ನು ಕಣ್ಣಿನಿಂದ ಹೊರಗೆ, ಕಣತಲೆಯಲ್ಲಿ, ಬೇರೆ ಜನ ಹಿಡಿದಿದ್ದರು.

ಆ ಎಳೆ ಬಹಳ ಹಳೆಯದು. ಕ್ರಿ. ಶ. ೧೦೦೦ದ ಸುಮಾರಿನಲ್ಲಿ ಬಾಗ್ದಾದಿನಲ್ಲಿದ್ದ ಅಲಿ ಇಬ್ನ್ ಈಸಾ ಎಂಬ ನೇತ್ರವೈದ್ಯನು 'ತಝ್ಕಿರತ್ ಅಲ್-ಕಹ್ಹಾಲೀನ್' ಎಂಬ ಗ್ರಂಥವನ್ನು ರಚಿಸಿದನು. 'ಕಹ್ಹಾಲ್' ಎಂದರೆ ಕಣ್ಣಿಗೆ ಅಂಜನವನ್ನು ಹಚ್ಚುವವನು. ನೇತ್ರವೈದ್ಯನಿಗೆ ಅರಬ್ಬಿಯಲ್ಲಿ ಅದೇ ಹೆಸರು. ಈ ಗ್ರಂಥವನ್ನು ಹಿರ್ಷ್‌ಬರ್ಗ್ ಮತ್ತು ಲಿಪ್ಪರ್ಟ್ ಎಂಬ ವಿದ್ವಾಂಸರು ೧೯೦೪ರಲ್ಲಿ ಜರ್ಮನ್ ಭಾಷೆಗೂ, ಕೇಸಿ ವುಡ್ ಎಂಬವರು ೧೯೩೬ರಲ್ಲಿ ಇಂಗ್ಲಿಷಿಗೂ ತಂದಿದ್ದಾರೆ. ಕಣತಲೆಯ ನಾಳಗಳನ್ನು ಕತ್ತರಿಸಿ ಸುಡುವ ಚಿಕಿತ್ಸೆಯನ್ನು ಹೇಳುವಾಗ ಗ್ರಂಥಕಾರನು ಅರೆತಲೆನೋವು, ದೀರ್ಘಕಾಲದ ಕಣ್ಣುಬೇನೆ, ಕಣತಲೆಯ ಸ್ನಾಯುಗಳಲ್ಲಿ ಕಾವು ಮತ್ತು ಉರಿ ತೋರುವ ತೀವ್ರ ಬಾಧೆಗಳು, ಇವನ್ನೆಲ್ಲ ಒಟ್ಟಿಗೆ ಹೆಸರಿಸಿ, ಇವು ದೃಷ್ಟಿನಾಶದಲ್ಲಿ ಕೊನೆಗೊಳ್ಳಬಹುದೆಂದು ಎಚ್ಚರಿಸುತ್ತಾನೆ. ಕಣತಲೆಯ ಧಮನಿಯ ಉರಿಯೂತವನ್ನು ಮೊದಲು ಕಂಡವನು ಇವನೇ ಎಂದು ವೈದ್ಯಕೀಯ ಲೇಖನಗಳಲ್ಲಿ ಈ ಮಾತನ್ನು ಮತ್ತೆ ಮತ್ತೆ ಉದ್ಧರಿಸುವುದು ಈಗ ವಾಡಿಕೆಯಾಗಿದೆ.

ಈ ವಾಡಿಕೆಯನ್ನು ನಾವು ಕಣ್ಣುಮುಚ್ಚಿ ಒಪ್ಪಬೇಕಾಗಿಲ್ಲ. ಹಾಗೆ ಒಪ್ಪುವುದಾದರೆ ಚರಕಸಂಹಿತೆಗೂ ಅದೇ ಗೌರವ ಸಲ್ಲಬೇಕು. ಅದರ ಸಿದ್ಧಿಸ್ಥಾನದಲ್ಲಿ ಅರ್ಧಾವಭೇದಕವೆಂಬ ತಲೆನೋವನ್ನು ವರ್ಣಿಸುವಾಗ, ಹುಬ್ಬು, ಶಂಖ ಎಂದರೆ ಕಣತಲೆ, ಕಿವಿ, ಕಣ್ಣು, ಹಣೆ ಇವುಗಳ ಒಂದು ಪಕ್ಕದಲ್ಲಿ ತೀವ್ರವಾದ ನೋವು ಕಾಣುವುದೆಂದೂ, ಅದು ಅತಿಯಾಗಿ ಬೆಳೆದರೆ ಕಣ್ಣನ್ನಾಗಲಿ ಕಿವಿಯನ್ನಾಗಲಿ ನಾಶಮಾಡುವುದೆಂದೂ ಹೇಳಿದೆ. ನಮ್ಮ ಗ್ರಂಥದಲ್ಲಿಯೂ ಇದೆ ಎಂದು ಹಿಗ್ಗುವುದು ಸುಲಭ. ಆದರೆ ಕಣತಲೆ ನೋಯುವ, ಬಳಿಕ ಕಣ್ಣು ಕೆಡುವ ರೋಗಗಳು ಅನೇಕ. ಕಣ್ಣಿನೊಳಗಿನ ಒತ್ತಡ ಥಟ್ಟನೆ ಏರುವ ರೋಗವೂ ಅದೇ ಚಿತ್ರವನ್ನು ಕೊಡಬಲ್ಲುದು. ಬಾಗ್ದಾದಿನ ವೈದ್ಯನೂ ಚರಕನೂ ಕಂಡದ್ದು ಒಂದು ನೆರೆಹೊರೆಯನ್ನು: ಕಣತಲೆಯ ನೋವಿಗೂ ಕುರುಡುತನಕ್ಕೂ ನಂಟುಂಟೆಂಬುದನ್ನು. ಅದು ಸಣ್ಣ ಕಾಣಿಕೆಯಲ್ಲ. ಆದರೆ ರೋಗವನ್ನು ಕಂಡದ್ದೂ ನಂಟನ್ನು ಕಂಡದ್ದೂ ಒಂದೇ ಅಲ್ಲ. ಶಾಸನದಲ್ಲಿ ಒಂದು ಊರಿನ ಹೆಸರು ಸಿಕ್ಕಿದ ಮಾತ್ರಕ್ಕೆ ಇಂದಿನ ಅದೇ ಹೆಸರಿನ ಊರೇ ಅದೆಂದು ನಿರ್ಣಯಿಸುವ ಆತುರಕ್ಕೂ ಇದಕ್ಕೂ ಹೆಚ್ಚು ಅಂತರವಿಲ್ಲ.

ಚಿತ್ರಕಲೆಯಿಂದ ತೆಗೆದ ಸಾಕ್ಷ್ಯದ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಬ್ರೂಜ್ ನಗರದ ಜಾನ್ ಫಾನ್ ಐಕನು ೧೪೩೬ರಲ್ಲಿ ಮುಗಿಸಿದ ಮೇರಿಮಾತೆಯ ಚಿತ್ರವೊಂದಿದೆ. ಅದನ್ನು ಬರೆಯಿಸಿದ ವೃದ್ಧ ಪಾದ್ರಿ ಫಾನ್ ಡೆರ್ ಪಾಲೆಯೂ ಅದರಲ್ಲಿ ಮೊಣಕಾಲೂರಿ ಕುಳಿತಿದ್ದಾನೆ. ಕೈಯಲ್ಲಿ ಪುಸ್ತಕ, ಕನ್ನಡಕ. ಅವನ ಕಣತಲೆಯಲ್ಲಿ ಉಬ್ಬಿ ಸುರುಳಿಗೊಂಡ ನಾಳವನ್ನು ಚಿತ್ರಕಾರನು ಒಂದು ಗೆರೆಯನ್ನೂ ಬಿಡದೆ ಬರೆದಿದ್ದಾನೆ. ೧೯೮೧ರಲ್ಲಿ ಬೆಲ್ಜಿಯಮ್ಮಿನ ವೈದ್ಯ ಜಾನ್ ಡೆಕೆಕರ್ ಅವರು, ಇದು ಕಣತಲೆಯ ಧಮನಿಯ ಉರಿಯೂತವೇ ಎಂದು ವಾದಿಸಿದರು; ಅನಾರೋಗ್ಯದ ನಿಮಿತ್ತ ಪಾದ್ರಿಗೆ ಬೆಳಗಿನ ಪೂಜಾಕಾರ್ಯಗಳಿಂದ ವಿನಾಯಿತಿ ದೊರೆತಿತ್ತೆಂಬ ದಾಖಲೆಯನ್ನೂ ಆಧಾರವಾಗಿ ಕೊಟ್ಟರು. ಈ ರೋಗದಲ್ಲಿ ಬೆಳಗಿನ ಹೊತ್ತು ಹೆಗಲು ಸೊಂಟಗಳು ಬಿಗಿದುಕೊಳ್ಳುವುದು ಸಾಮಾನ್ಯವಾದ್ದರಿಂದ ಆ ವಾದ ಸ್ವಾರಸ್ಯವಾಗಿಯೇ ಇದೆ. ಆದರೂ ಮುಪ್ಪಿನಲ್ಲಿ ಉಬ್ಬಿದ ನಾಳ ಯಾರಿಗೆ ಇಲ್ಲ? ಪಾದ್ರಿಯು ಚಿತ್ರವಾದ ಏಳು ವರ್ಷಗಳ ಮೇಲೆ, ೧೪೪೩ರಲ್ಲಿ, ತೀರಿಕೊಂಡನು. ಚಿತ್ರವು ಫಾನ್ ಐಕನ ಕಣ್ಣಿನ ತೀಕ್ಷ್ಣತೆಗೆ ಸಾಕ್ಷಿ. ಪಾದ್ರಿಯ ಕಣ್ಣಿನ ಗತಿಗೆ ಅಲ್ಲ.

ಸಂದೇಹಕ್ಕೆ ಕಡಿಮೆ ಎಡೆಯಿರುವ ಸಾಕ್ಷ್ಯವು ೧೮೯೦ರಿಂದ ದೊರೆಯುತ್ತದೆ. ಲಂಡನ್ನಿನ ಜೊನಾಥನ್ ಹಚಿನ್‌ಸನ್ ಆ ವರ್ಷ ಮುದುಕರಲ್ಲಿ ಕಾಣುವ ಒಂದು ವಿಚಿತ್ರ ಧಮನಿರೋಗವನ್ನು ವರ್ಣಿಸಿದನು. ಎಂಬತ್ತು ದಾಟಿದ ಅವನ ರೋಗಿಗೆ ತಲೆಯ ಮೇಲೆ ಕೆಂಪು ಗೆರೆಗಳೆದ್ದು, ಟೋಪಿಯನ್ನು ಹಾಕಿಕೊಳ್ಳಲಾಗದಷ್ಟು ನೋವಾಗಿತ್ತು. ಆ ಗೆರೆಗಳು ಊದಿದ ಧಮನಿಗಳಾಗಿದ್ದುವು. ಇಲ್ಲಿ ಒಂದು ಸಂಗತಿ ಗಮನಾರ್ಹ. ಹಚಿನ್‌ಸನ್ ಬರಿಯ ಶಸ್ತ್ರವೈದ್ಯನಲ್ಲ. ಮೂರ್‌ಫೀಲ್ಡ್ಸ್ ಎಂಬ ಪ್ರಸಿದ್ಧ ಕಣ್ಣಾಸ್ಪತ್ರೆಯಲ್ಲಿಯೂ ಕೆಲಸ ಮಾಡಿದವನು, ಕಣ್ಣಿನ ರೋಗಗಳಲ್ಲಿ ಅವನ ಹೆಸರು ಇಂದಿಗೂ ನಿಂತಿದೆ. ಅಂತಹವನ ವರದಿಯಲ್ಲಿ ಕೂಡ ಈ ರೋಗವು ಧಮನಿಗಳ ಅಧ್ಯಾಯಕ್ಕೆ ಸೇರಿತೇ ಹೊರತು ಕಣ್ಣಿನ ಅಧ್ಯಾಯಕ್ಕೆ ಸೇರಲಿಲ್ಲ. ಎರಡು ವಿದ್ಯೆಗಳು ಒಬ್ಬನೇ ಮನುಷ್ಯನಲ್ಲಿ ಕೂಡಿದ್ದರೂ ಅವುಗಳ ಕಡತಗಳು ಬೇರೆಬೇರೆಯಾಗಿಯೇ ಉಳಿಯಬಹುದು.

ಅಮೆರಿಕದ ಮಿನಿಸೋಟ ಪ್ರಾಂತದ ಮೇಯೊ ಚಿಕಿತ್ಸಾಲಯದಲ್ಲಿ ಹಾರ್ಟನ್, ಮ್ಯಾಗತ್, ಬ್ರೌನ್ ಎಂಬ ಮೂವರು ೧೯೩೨ರಲ್ಲಿ ಇಬ್ಬರು ರೋಗಿಗಳನ್ನು ಕುರಿತು ಬರೆದರು. ಇದುವರೆಗೆ ಯಾರೂ ವರ್ಣಿಸದ ರೋಗವೆಂದೇ ಅವರು ತಿಳಿದಿದ್ದರು. ಹಚಿನ್‌ಸನ್ನನ ಬರಹ ಅವರ ದೃಷ್ಟಿಗೆ ಬಿದ್ದಿರಲಿಲ್ಲ. ಅವರ ಹೆಚ್ಚಳವೆಂದರೆ ಕಣತಲೆಯ ಧಮನಿಯ ಒಂದು ತುಣುಕನ್ನು ಕತ್ತರಿಸಿ ಸೂಕ್ಷ್ಮದರ್ಶಕದಡಿಯಲ್ಲಿ ಪರೀಕ್ಷಿಸಿದ್ದು. ಅಲಿ ಇಬ್ನ್ ಈಸಾ ಕತ್ತರಿಸೆಂದು ಹೇಳಿದ್ದೂ ಈ ಧಮನಿಯನ್ನೇ. ಒಂಬೈನೂರು ವರ್ಷಗಳ ಅಂತರದಲ್ಲಿ ಕತ್ತಿ ಒಂದೇ ಜಾಗಕ್ಕೆ ಬಿದ್ದಿತು. ಅಲ್ಲಿ ಅದು ವಾಸಿಮಾಡಲೆಂದು ಬಿದ್ದಿತ್ತು, ಇಲ್ಲಿ ತಿಳಿಯಲೆಂದು. ಕಣತಲೆಯ ಧಮನಿಯು ಕೊರಳಿನ ದೊಡ್ಡ ಧಮನಿಯ ಹೊರಗವಲಿನ ಕೊಂಬೆ, ಕಣ್ಣಿನ ಧಮನಿಯು ಒಳಗವಲಿನದು. ಒಂದರ ಗೋಡೆಯಲ್ಲಿ ಕಂಡ ಕೇಡು ಇನ್ನೊಂದರ ಗೋಡೆಯಲ್ಲಿಯೂ ಇರಬಹುದೆಂಬ ಊಹೆಗೆ ಈಗ ದಾರಿಯಾಯಿತು. ೧೯೩೮ರಲ್ಲಿ ಜೆನಿಂಗ್ಸ್ ಎಂಬ ವೈದ್ಯನು ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಈ ರೋಗಕ್ಕೂ ಕುರುಡುತನಕ್ಕೂ ಇರುವ ಸಂಬಂಧವನ್ನು ಎತ್ತಿ ಹೇಳಿದನು. ೧೯೪೧ರಲ್ಲಿ ಗಿಲ್ಮರನು ನಾಳದ ಗೋಡೆಯಲ್ಲಿ ಕಾಣುವ ದೈತ್ಯಕೋಶಗಳನ್ನು ಆಧರಿಸಿ ರೋಗಕ್ಕೆ ಹೆಸರನ್ನು ಕೊಟ್ಟನು. ಹೆಸರು ಬಂತು, ಸಂಬಂಧ ತಿಳಿಯಿತು. ಎರಡನೆಯ ಕಣ್ಣು ಮಾತ್ರ ಮೊದಲಿನಂತೆಯೇ ಹೋಗುತ್ತಿತ್ತು. ತಿಳಿದೂ ಕೈಕಟ್ಟಿ ಕುಳಿತಿರಬೇಕಾದ ಈ ಹತ್ತು ವರ್ಷಗಳು ವೈದ್ಯರಿಗೆ ಹೇಗೆ ಕಳೆದುವೋ ನಾವು ಊಹಿಸಬಹುದಷ್ಟೆ.

ಬಿಡುಗಡೆ ಬಂದದ್ದು ಬೇರೊಂದು ರೋಗದ ಬಾಗಿಲಿನಿಂದ. ಅದೇ ಮೇಯೊ ಚಿಕಿತ್ಸಾಲಯದಲ್ಲಿ ಕೀಲುವಾತದ ಮೇಲೆ ಕೆಲಸ ಮಾಡುತ್ತಿದ್ದ ಫಿಲಿಪ್ ಹೆಂಚ್ ೧೯೪೮ರ ಸೆಪ್ಟೆಂಬರಿನಲ್ಲಿ ಮೊದಲ ಬಾರಿಗೆ ಒಬ್ಬ ರೋಗಿಗೆ ಕಾರ್ಟಿಸೋನನ್ನು ಕೊಟ್ಟನು. ೧೯೫೦ರಲ್ಲಿ ಅವನಿಗೂ ಕೆಂಡಾಲ್, ರೈಷ್‌ಸ್ಟೈನ್ ಇವರಿಗೂ ನೊಬೆಲ್ ಬಹುಮಾನ ಬಂದಿತು. ಅದೇ ವರ್ಷ ಕಣತಲೆಯ ಧಮನಿರೋಗದಲ್ಲಿ ಈ ಔಷಧವನ್ನು ಬಳಸಿದ ಮೊದಲ ವರದಿಯೂ ಅಲ್ಲಿಂದಲೇ ಹೊರಟಿತು. ೧೯೫೭ರಲ್ಲಿ ಬರ್ಕ್‌ಹೆಡ್, ವ್ಯಾಗನರ್, ಶಿಕ್ ಇವರು ಧಮನಿಯ ತುಣುಕಿನಿಂದ ರೋಗ ಖಚಿತವಾದ ೫೫ ಮಂದಿಯ ಚಿಕಿತ್ಸೆಯ ಫಲವನ್ನು ಪ್ರಕಟಿಸಿದರು. ಹೋದ ದೃಷ್ಟಿ ಮರಳುವುದು ಅಪರೂಪ, ಉಳಿದದ್ದನ್ನು ಕಾಪಾಡಬಹುದು. ಅಂದಿನಿಂದ ಇಂದಿನವರೆಗೆ ಚಿಕಿತ್ಸೆಯ ಬುಡ ಇದೇ. ಔಷಧವನ್ನು ಒಂದು ಗುಂಪಿಗೆ ಕೊಟ್ಟು ಇನ್ನೊಂದಕ್ಕೆ ಕೊಡದೆ ಹೋಲಿಸಿ ನೋಡುವ ಧೈರ್ಯವನ್ನು ಇಲ್ಲಿ ಯಾರೂ ಮಾಡಲಿಲ್ಲ, ಮಾಡಬಾರದಾಗಿಯೂ ಇತ್ತು.

ಇಷ್ಟಾದರೂ ಕಣ್ಣಿನೊಳಗೆ ನಿಜವಾಗಿ ಯಾವ ನಾಳ ಮುಚ್ಚುತ್ತದೆಂಬ ಪ್ರಶ್ನೆ ಹಾಗೆಯೇ ಉಳಿದಿತ್ತು. ಅದಕ್ಕೆ ಉತ್ತರವನ್ನು ಹುಡುಕಿದವರಲ್ಲಿ ಅಗ್ರಗಣ್ಯರು ನಮ್ಮ ದೇಶದಲ್ಲಿ ಹುಟ್ಟಿದವರು ಎಂಬುದು ನಮ್ಮ ವಿದ್ಯಾರ್ಥಿಗಳಿಗೆ ಅಷ್ಟಾಗಿ ತಿಳಿದಿಲ್ಲ. ೧೯೨೭ರಲ್ಲಿ ಪಂಜಾಬಿನಲ್ಲಿ ಜನಿಸಿದ ಸೋಹನ್ ಸಿಂಗ್ ಹೇರೆ ಅವರು ಅಲ್ಲಿಯೇ ಅಂಗರಚನಾಶಾಸ್ತ್ರದ ಅಧ್ಯಾಪಕರಾಗಿದ್ದಾಗ ಶವಗಳ ಕಣ್ಣುಗಳನ್ನು ಬಿಡಿಸಿ, ಧಮನಿಗಳ ಹುಟ್ಟನ್ನೂ ಹಾದಿಯನ್ನೂ ಗುರುತಿಸುವ ಕೆಲಸವನ್ನು ಕೈಗೊಂಡರು. ೧೯೬೦ರಲ್ಲಿ ಆರ್. ದಾಸ್ ಅವರೊಡನೆ ಅವರು ಬರೆದ ಲೇಖನ ಬ್ರಿಟನ್ನಿನ ನೇತ್ರಶಾಸ್ತ್ರದ ಪತ್ರಿಕೆಯಲ್ಲಿ ಪ್ರಕಟವಾಯಿತು. ಮುಂದೆ ಲಂಡನ್ನು, ಎಡಿನ್‌ಬರೋಗಳಲ್ಲಿ ದುಡಿದು, ೧೯೭೩ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾನಿಲಯಕ್ಕೆ ಹೋಗಿ ನೆಲಸಿ, ೨೦೨೨ರಲ್ಲಿ ನಿಧನರಾದರು.

ಅವರ ಶೋಧದ ಹುರುಳು ಇತಿಹಾಸದ ವಿದ್ಯಾರ್ಥಿಗೆ ವಿಶೇಷವಾಗಿ ರುಚಿಸತಕ್ಕದ್ದು. ಶವದ ನಾಳಗಳಿಗೆ ದ್ರವವನ್ನು ತುಂಬಿ ನೋಡಿದವರು ಸಿಲಿಯರಿ ಧಮನಿಗಳ ಕವಲುಗಳು ಒಂದರೊಡನೊಂದು ಕೂಡಿಕೊಂಡಿರುವುದನ್ನು ಕಂಡು, ಒಂದು ಮುಚ್ಚಿದರೆ ಮತ್ತೊಂದು ಆ ಕೊರತೆಯನ್ನು ತುಂಬುವುದೆಂದು ಭಾವಿಸಿದ್ದರು. ಹಾಗಿದ್ದರೆ ಬಿಲ್ಲೆಗೆ ಕ್ಷಾಮ ಬರುವುದೆಂತು? ಈ ನಡುವೆ ೧೯೬೧ರಲ್ಲಿ ಅಮೆರಿಕದ ಇಂಡಿಯಾನದಲ್ಲಿ ನೊವಾಟ್ನಿ, ಆಲ್ವಿಸ್ ಎಂಬ ಇಬ್ಬರು ವೈದ್ಯಕೀಯ ವಿದ್ಯಾರ್ಥಿಗಳು, ಫ್ಲೋರೆಸೀನ್ ಎಂಬ ಹೊಳೆಯುವ ಬಣ್ಣವನ್ನು ತೋಳಿನ ರಕ್ತನಾಳಕ್ಕೆ ಸೇರಿಸಿ, ಅದು ಕಣ್ಣಿನೊಳಗೆ ಹಾಯುವುದನ್ನು ಚಿತ್ರ ತೆಗೆಯುವ ಉಪಾಯವನ್ನು ಪ್ರಕಟಿಸಿದ್ದರು. ನೇತ್ರಶಾಸ್ತ್ರದ ಪತ್ರಿಕೆಯೊಂದು ಅವರ ಲೇಖನವನ್ನು ತಿರಸ್ಕರಿಸಿದ್ದರಿಂದ ಅದು ಹೃದಯಶಾಸ್ತ್ರದ ಪತ್ರಿಕೆಯಲ್ಲಿ ಬೆಳಕು ಕಂಡಿತು. ಈ ವಿಧಾನವನ್ನು ಹಿಡಿದು ಹೇರೆ ಅವರು ಬದುಕಿರುವ ಕಣ್ಣಿನಲ್ಲಿ ನೋಡಿದಾಗ, ಪ್ರತಿಯೊಂದು ಸಿಲಿಯರಿ ಧಮನಿಯೂ ತನ್ನ ಸೀಮೆಗೆ ಮಾತ್ರ ನೀರುಣಿಸುವ ಕಾಲುವೆಯಂತೆ ವರ್ತಿಸುವುದು ಕಂಡುಬಂತು. ಎರಡು ಸೀಮೆಗಳ ನಡುವಿನ ಅಂಚಿನಲ್ಲಿ ಬಿಲ್ಲೆ ಬಿದ್ದಿದ್ದರೆ, ಒತ್ತಡ ತಗ್ಗಿದಾಗ ಮೊದಲು ಒಣಗುವುದು ಅದೇ. ಭೂಪಟದಲ್ಲಿ ಹಾದಿಯಿದೆಯೆಂದ ಮಾತ್ರಕ್ಕೆ ಅದರ ಮೇಲೆ ಗಾಡಿಗಳು ಓಡುತ್ತಿದ್ದುವೆಂದು ಹೇಳಲಾಗದು. ಶವವು ಹಾದಿಗಳ ಪಟವನ್ನು ಕೊಟ್ಟಿತ್ತು, ಬದುಕಿದ ಕಣ್ಣು ಸಂಚಾರವನ್ನು ತೋರಿಸಿತು.

೧೯೬೬ರಲ್ಲಿ ಮಿಲ್ಲರ್ ಮತ್ತು ಸ್ಮಿತ್ ಬಳಸಿದ ಹೆಸರನ್ನು ಇನ್ನಷ್ಟು ಖಚಿತಪಡಿಸಿ, ನರದ ಮುಂಭಾಗದ ಕ್ಷಾಮವನ್ನು ಹಿಂಭಾಗದ್ದರಿಂದ ಬೇರ್ಪಡಿಸಿ, ಹೇರೆ ಅವರು ೧೯೭೪ರಲ್ಲಿ ಮೂರು ಕಂತುಗಳ ಪ್ರಬಂಧವನ್ನು ಪ್ರಕಟಿಸಿದರು. ಉರಿಯೂತವಿಲ್ಲದ ಬಗೆಯು ಬಹುಪಾಲು ಬೆಳಗ್ಗೆ ಎದ್ದಾಗಲೇ ಗೊತ್ತಾಗುವುದೇಕೆಂಬುದು ಅವರ ಮುಂದಿನ ಪ್ರಶ್ನೆ. ನಿದ್ರೆಯಲ್ಲಿ ರಕ್ತದೊತ್ತಡ ಇಳಿಯುವುದೇ ಇದಕ್ಕೆ ಕಾರಣವಿರಬೇಕೆಂದು ಅವರು ೧೯೯೪ರಲ್ಲಿ ವಾದಿಸಿದರು. ಎಲ್ಲರೂ ಇದನ್ನು ಒಪ್ಪಿಲ್ಲ; ಆದರೂ ಒತ್ತಡ ತಗ್ಗಿಸುವ ಮಾತ್ರೆಯನ್ನು ಮಲಗುವ ಮುನ್ನ ಕೊಡುವಾಗ ವೈದ್ಯರು ಯೋಚಿಸುವಂತಾಗಿದೆ.

ಈ ಎರಡನೆಯ ಬಗೆಗೆ ಮದ್ದು ಹುಡುಕಿದ ಕಥೆಯಲ್ಲಿ ಒಂದು ಪ್ರಸಂಗವನ್ನು ಬಿಡಲಾಗದು. ದೃಷ್ಟಿನರದ ಸುತ್ತಲ ಕವಚದಲ್ಲಿ ಸೀಳು ಮಾಡಿ ಒತ್ತಡವನ್ನು ಇಳಿಸಿದರೆ ದೃಷ್ಟಿ ಸುಧಾರಿಸುವುದೆಂದು ೧೯೮೯ರಲ್ಲಿ ಕೆಲವರು ವರದಿ ಮಾಡಿದರು. ಶಸ್ತ್ರಕ್ರಿಯೆ ಬೇಗ ಹಬ್ಬಿತು. ಅಮೆರಿಕದಲ್ಲಿ ೨೪೪ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಪಂಗಡ ಮಾಡಿ, ೧೧೯ ಮಂದಿಗೆ ಶಸ್ತ್ರಕ್ರಿಯೆ ಮಾಡಿ, ೧೨೫ ಮಂದಿಯನ್ನು ಸುಮ್ಮನೆ ಗಮನಿಸುತ್ತಾ ಬಂದರು. ೧೯೯೫ರಲ್ಲಿ ಫಲ ಹೊರಬಿತ್ತು. ಆರು ತಿಂಗಳಲ್ಲಿ ಕತ್ತಿ ತಾಗದವರ ಪೈಕಿ ಶೇಕಡ ೪೨.೭ ಮಂದಿಗೆ ದೃಷ್ಟಿ ಗಣನೀಯವಾಗಿ ಸುಧಾರಿಸಿತ್ತು. ಕತ್ತಿ ತಾಗಿದವರ ಪೈಕಿ ಶೇಕಡ ೩೨.೬ ಮಂದಿಗೆ ಮಾತ್ರ. ಇನ್ನಷ್ಟು ಕೆಟ್ಟದ್ದು ಮೊದಲ ಪಂಗಡದಲ್ಲಿ ಶೇಕಡ ೧೨.೪, ಎರಡನೆಯದರಲ್ಲಿ ಶೇಕಡ ೨೩.೯. ರೋಗವು ತಾನಾಗಿ ಇಷ್ಟು ಮಟ್ಟಿಗೆ ಸುಧಾರಿಸಬಲ್ಲುದೆಂಬುದೇ ಅದುವರೆಗೆ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಆ ಸುಧಾರಣೆಯ ಯಶಸ್ಸೆಲ್ಲ ಕತ್ತಿಯ ಖಾತೆಗೆ ಜಮೆಯಾಗಿತ್ತು. ಕಣತಲೆಯ ನಾಳವನ್ನು ಸುಟ್ಟ ಬಾಗ್ದಾದಿನ ವೈದ್ಯನನ್ನು ನೋಡಿ ನಗುವವರು ಈ ಅಂಕಿಗಳನ್ನು ಒಮ್ಮೆ ನೋಡಬೇಕು.

ಭಾರತದಲ್ಲಿ ಉರಿಯೂತದ ಬಗೆಯ ವರದಿಗಳು ಉತ್ತರ ಯೂರೋಪಿಗಿಂತ ಬಹಳ ವಿರಳ. ನಮ್ಮಲ್ಲಿ ಹೆಚ್ಚಾಗಿ ಕಾಣುವುದು ಸಕ್ಕರೆ ರೋಗ, ರಕ್ತದೊತ್ತಡಗಳ ಜೊತೆಗೂಡಿ ಬರುವ ಇನ್ನೊಂದು ಬಗೆ. ವಂಶದ ವ್ಯತ್ಯಾಸ ಇದಕ್ಕೆ ಒಂದು ಕಾರಣವೆಂಬುದು ನಿಜ. ಆದರೆ ಹುಡುಕದೆ ಇದ್ದುದು ಕಡತದಲ್ಲಿ ಸಿಕ್ಕುವುದಿಲ್ಲ. ಮುದುಕರ ತಲೆನೋವನ್ನೂ ಮಂಜುಗಣ್ಣನ್ನೂ ಮುಪ್ಪಿನ ಸಹಜ ಧರ್ಮವೆಂದು ತಳ್ಳಿಹಾಕುವ ಮನೆಗಳಲ್ಲಿ ಎಷ್ಟು ಕಣ್ಣುಗಳು ದಾಖಲೆಯಿಲ್ಲದೆ ಆರಿಹೋದುವೆಂಬುದನ್ನು ಆಸ್ಪತ್ರೆಯ ಪುಸ್ತಕಗಳಿಂದ ಎಣಿಸಲಾಗದು.

೧೯೯೭ರಿಂದೀಚೆಗೆ ಶಬ್ದಾತೀತ ತರಂಗಗಳಿಂದ ಕಣತಲೆಯ ಧಮನಿಯನ್ನು ಕತ್ತರಿಸದೆಯೇ ನೋಡಿ, ಊದಿದ ಗೋಡೆಯನ್ನು ಒಂದು ಕಪ್ಪು ಬಳೆಯಾಗಿ ಗುರುತಿಸುವ ವಿಧಾನ ಬಳಕೆಗೆ ಬಂದಿದೆ. ೨೦೧೭ರಲ್ಲಿ ೨೫೧ ರೋಗಿಗಳ ಮೇಲೆ ನಡೆದ ಪರೀಕ್ಷೆಯಿಂದ ಟೋಸಿಲಿಜುಮಾಬ್ ಎಂಬ ಹೊಸ ಔಷಧವು ಕಾರ್ಟಿಸೋನಿನ ಜಾತಿಯ ಮದ್ದುಗಳ ಭಾರವನ್ನು ತಗ್ಗಿಸಬಲ್ಲುದೆಂದು ತಿಳಿಯಿತು. ಆದರೂ ತುಣುಕನ್ನು ತೆಗೆದು ನೋಡುವ ಹಳೆಯ ಪದ್ಧತಿ ಅಳಿದಿಲ್ಲ. ಅದರ ಕ್ರಮ ಮಾತ್ರ ತಿರುಗುಮುರುಗಾಗಿದೆ. ಕಣತಲೆ ನೋಯುವ, ಬಾಚಣಿಗೆ ತಾಗಿದರೆ ತಲೆ ಉರಿಯುವ, ಅಗಿಯುವಾಗ ದವಡೆ ಸೋಲುವ ಒಬ್ಬ ವೃದ್ಧೆಯ ಒಂದು ಕಣ್ಣು ಥಟ್ಟನೆ ಮಂಕಾದರೆ ವೈದ್ಯರು ತುಣುಕಿನ ಫಲಕ್ಕೆ ಕಾಯುವುದಿಲ್ಲ. ಔಷಧವನ್ನು ಅಂದೇ ಕೊಡುತ್ತಾರೆ. ಧಮನಿಯನ್ನು ಮುಂದಿನ ಒಂದೆರಡು ವಾರಗಳಲ್ಲಿ ಕತ್ತರಿಸಿ ನೋಡಿದರೂ ಉರಿಯೂತದ ಗುರುತುಗಳು ಅದರ ಗೋಡೆಯಲ್ಲಿ ಇನ್ನೂ ಉಳಿದಿರುತ್ತವೆ.